ಬೆಂಗಳೂರಿನಿಂದ ದೆಹಲಿಗೆ ಎರಡು ರಾತ್ರಿ: ಸ್ಲೀಪರ್ ಸಾಕಾ, ಎಸಿ ಬೇಕಾ?

ನಮ್ಮ ಅಕ್ಕ ಮದುವೆಯಾಗಿ ದೆಹಲಿಗೆ ಹೋಗಿ ತುಂಬಾ ವರ್ಷಗಳಾದವು. ಅಂದಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ನಮ್ಮ ಮನೆಯವರಿಗೆಲ್ಲ ಬಾಯಿಪಾಠ. ಸಂಜೆ ಏಳರ ಮೇಲೆ ಬೆಂಗಳೂರು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಲಬುರಗಿ. ತಿಂಡಿ ಹೊತ್ತಿಗೆ ಸೊಲ್ಲಾಪುರ. ಮಧ್ಯಾಹ್ನ ಮನ್ಮಾಡ್, ಸಂಜೆ ಭುಸಾವಲ್, ಮಲಗುವ ಹೊತ್ತಿಗೆ ಭೋಪಾಲ್ ಕಡೆ. ಮರುದಿನ ಬೆಳಗ್ಗೆ ಆಗ್ರಾ ದಾಟಿ ದೆಹಲಿ. ಸುಮಾರು 2,400 ಕಿಲೋಮೀಟರ್. ಎರಡು ರಾತ್ರಿ, ಮಧ್ಯೆ ಪೂರ್ತಿ ಒಂದು ಹಗಲು.

ಈ ದಾರಿಯಲ್ಲಿ ಸ್ಲೀಪರ್, ಥರ್ಡ್ ಎಸಿ, ಸೆಕೆಂಡ್ ಎಸಿ, ಫಸ್ಟ್ ಎಸಿ ನಾಲ್ಕರಲ್ಲೂ ಓಡಾಡಿದ್ದೇನೆ. ಹಾಗಾಗಿ ಟಿಕೆಟ್ ಬುಕ್ ಮಾಡುವ ಮುಂಚೆ ನೆಂಟರು, ಸ್ನೇಹಿತರು ನನಗೆ ಫೋನ್ ಮಾಡುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ: "ಇನ್ನೊಂದು ಸಾವಿರ ಹಾಕಿ ಮೇಲಿನ ಕ್ಲಾಸ್ ತಗೊಳ್ಳೋದಾ? ಇಲ್ಲ ಸುಮ್ನೆ ದುಡ್ಡು ದಂಡವಾ?"

ನಾನು ತಿರುಗಿ ಮೂರು ಕೇಳುತ್ತೇನೆ. ಯಾರ್ಯಾರು ಹೋಗ್ತಿದ್ದೀರಿ? ಯಾವ ತಿಂಗಳು? ಎಷ್ಟು ಹಗಲು ರೈಲಿನಲ್ಲಿ ಕೂರಬೇಕು? ಮೂರನೆಯದನ್ನು ಯಾರೂ ಯೋಚಿಸಿರುವುದಿಲ್ಲ. ಎಲ್ಲರೂ ರಾತ್ರಿಯ ಲೆಕ್ಕ ಹಾಕುತ್ತಾರೆ, ನಿದ್ದೆಯ ಲೆಕ್ಕ ಹಾಕುತ್ತಾರೆ. ಆದರೆ ಉದ್ದದ ಪ್ರಯಾಣದಲ್ಲಿ ಜಾಸ್ತಿ ಸುಸ್ತು ಮಾಡುವುದು ಹಗಲು.

ಇಷ್ಟು ವರ್ಷ ಓಡಾಡಿ ನನಗೆ ಖಾತ್ರಿಯಾದದ್ದು ಇಷ್ಟು. ಒಂದೊಂದು ಮೆಟ್ಟಿಲು ಏರಿದಾಗಲೂ ನೀವು ದುಡ್ಡು ಕೊಟ್ಟು ಕೊಳ್ಳುವುದು ಮುಖ್ಯವಾಗಿ ಒಂದೇ ವಸ್ತು. ಸ್ಲೀಪರ್‌ನಿಂದ ಥರ್ಡ್ ಎಸಿಗೆ ಏರಿದರೆ ಬಿಸಿಲು, ಧೂಳು, ನೂಕುನುಗ್ಗಲು ತಪ್ಪುತ್ತದೆ. ಥರ್ಡ್ ಎಸಿಯಿಂದ ಸೆಕೆಂಡ್ ಎಸಿಗೆ ಏರಿದರೆ ಮಿಡ್ಲ್ ಬರ್ತ್, ಅಂದರೆ ಮೂರರ ನಡುವಿನ ಮಲಗುವ ಹಲಗೆ, ತಪ್ಪುತ್ತದೆ. ಸೆಕೆಂಡ್‌ನಿಂದ ಫಸ್ಟ್‌ಗೆ ಏರಿದರೆ ಚಿಲಕ ಹಾಕಿಕೊಳ್ಳುವ ಒಂದು ಬಾಗಿಲು ಸಿಗುತ್ತದೆ. ಇವುಗಳಲ್ಲಿ ಯಾವುದು ನಿಮಗೆ ಬೇಕು ಅಂತ ಗೊತ್ತಾದರೆ ಟಿಕೆಟ್ ಆರಿಸುವುದು ಸುಲಭ.

ಮೊದಲು ದುಡ್ಡಿನ ಮಾತು

ದರ ಆಗಾಗ ಬದಲಾಗುತ್ತದೆ. 2025ರ ಜುಲೈ 1ರಿಂದಲೂ ಕಿಲೋಮೀಟರಿಗೆ ಒಂದೆರಡು ಪೈಸೆ ಏರಿತ್ತು. ಹಾಗಾಗಿ ಅನುಪಾತ ನೆನಪಿಟ್ಟುಕೊಳ್ಳಿ, ಅದು ಅಷ್ಟಾಗಿ ಬದಲಾಗುವುದಿಲ್ಲ. ಈ ದೂರಕ್ಕೆ ಸ್ಲೀಪರ್ ಟಿಕೆಟ್ ಒಂದು ರೂಪಾಯಿ ಅಂದುಕೊಂಡರೆ, ಥರ್ಡ್ ಎಸಿ ಎರಡೂವರೆ ರೂಪಾಯಿಯ ಆಸುಪಾಸು. ಸೆಕೆಂಡ್ ಎಸಿ ಮೂರೂವರೆಯ ಮೇಲೆ. ಫಸ್ಟ್ ಎಸಿ ಆರರ ಮೇಲೆ. ಎಸಿ ಟಿಕೆಟ್‌ಗೆ ಶೇ 5 ಜಿಎಸ್‌ಟಿ ಬೇರೆ ಇದೆ, ಸ್ಲೀಪರ್‌ಗೆ ಇಲ್ಲ.

ಈ ಅನುಪಾತವನ್ನೇ ಸ್ವಲ್ಪ ನಿಂತು ನೋಡಿ. ಸ್ಲೀಪರ್‌ನಿಂದ ಥರ್ಡ್ ಎಸಿಗೆ ಒಂದೂವರೆ ರೂಪಾಯಿ ಜಾಸ್ತಿ. ಥರ್ಡ್‌ನಿಂದ ಸೆಕೆಂಡ್‌ಗೆ ಒಂದು ರೂಪಾಯಿ ಚಿಲ್ಲರೆ. ಸೆಕೆಂಡ್‌ನಿಂದ ಫಸ್ಟ್‌ಗೆ ಎರಡೂವರೆ ರೂಪಾಯಿ! ಎಲ್ಲಕ್ಕಿಂತ ಚಿಕ್ಕ ಮೆಟ್ಟಿಲು ಮಧ್ಯದ್ದು. ದೆಹಲಿಯ ದಾರಿಯಲ್ಲಿ ಅದು ತಲೆಗೆ ಸಾವಿರ ರೂಪಾಯಿಯ ಆಸುಪಾಸು. ಎರಡು ರಾತ್ರಿ, ಒಂದು ಹಗಲಿಗೆ ಹಂಚಿದರೆ ಗಂಟೆಗೆ ಮೂವತ್ತು ರೂಪಾಯಿಯೂ ಆಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಮೆಟ್ಟಿಲು ಕೊನೆಯದು. ಅದನ್ನು ಹತ್ತುವ ಮುಂಚೆ ವಿಮಾನದ ಟಿಕೆಟ್ ಒಂದು ಸಲ ನೋಡಿಬಿಡಿ. ತಿಂಗಳ ಮುಂಚೆ ನೋಡಿದರೆ ಹಲವು ಸಲ ಅಷ್ಟೇ ದುಡ್ಡಿಗೆ ಸಿಗುತ್ತದೆ.

ಸ್ಲೀಪರ್ ಅಥವಾ ಥರ್ಡ್ ಎಸಿ: ತಿಂಗಳು ನೋಡಿ ಹೇಳಿ

ಕಾಲೇಜು ಮುಗಿಸಿದ ಹೊಸತರಲ್ಲಿ ನಾವು ನಾಲ್ಕು ಜನ ಮೇ ತಿಂಗಳಲ್ಲಿ ಸ್ಲೀಪರ್‌ನಲ್ಲಿ ಹೋಗಿದ್ದೆವು. ಸೊಲ್ಲಾಪುರದವರೆಗೆ ಖುಷಿಯೋ ಖುಷಿ. ಕಿಟಕಿ ತೆಗೆದಿದ್ದೆವು, ಗಾಳಿ ಬರುತ್ತಿತ್ತು, ಚಹಾ ಮಾರುವವನು ಬರುತ್ತಿದ್ದ. ಹನ್ನೆರಡರ ಮೇಲೆ ಶುರುವಾಯಿತು ನೋಡಿ. ಮನ್ಮಾಡ್‌ನಿಂದ ಭುಸಾವಲ್‌ವರೆಗಿನ ದಾರಿಯನ್ನು ಈ ರೈಲು ದಾಟುವುದು ಮಧ್ಯಾಹ್ನದಿಂದ ಸಂಜೆಯವರೆಗಿನ ಬಿಸಿಲಿನಲ್ಲೇ. ಉತ್ತರ ಮಹಾರಾಷ್ಟ್ರದ ಈ ಖಾನ್‌ದೇಶದ ಬಿಸಿಲು ಅಂದರೆ 40 ಡಿಗ್ರಿ ದಾಟಿದ್ದು. ಕಿಟಕಿಯ ಸರಳು ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ಕೊಡುತ್ತಿತ್ತು. ಟವೆಲ್ ಒದ್ದೆ ಮಾಡಿ ಕಿಟಕಿಗೆ ಕಟ್ಟಿದೆವು. ಕಾಲು ಗಂಟೆಯಲ್ಲಿ ಒಣಗಿ ಹಪ್ಪಳದ ಹಾಗೆ ಗಡುಸಾಗುತ್ತಿತ್ತು. ಮತ್ತೆ ಒದ್ದೆ ಮಾಡುವುದು, ಮತ್ತೆ ಕಟ್ಟುವುದು. ಬಾಟಲಿಯ ನೀರು ಬಿಸಿಯಾಗಿ ಗಂಟಲಿಗೆ ಇಳಿಯುತ್ತಿರಲಿಲ್ಲ. ಸೂರ್ಯ ಮುಳುಗಿದ ಮೇಲೂ ಬೋಗಿ ತಣಿಯಲು ಎರಡು ಗಂಟೆ ಬೇಕಾಯಿತು. ವಯಸ್ಸಿತ್ತು, ತಡೆದುಕೊಂಡೆವು. ನಮ್ಮ ಎದುರಿಗೆ ಒಂದು ವರ್ಷದ ಮಗುವನ್ನು ಎತ್ತಿಕೊಂಡು ಒಬ್ಬರು ತಾಯಿ ಕೂತಿದ್ದರು. ಆ ಮಗುವಿನ ಕೆಂಪಾದ ಮುಖ ಇಂದಿಗೂ ನನ್ನ ಕಣ್ಣಲ್ಲಿದೆ.

ಅದಕ್ಕೇ ಹೇಳುತ್ತೇನೆ. ಏಪ್ರಿಲ್, ಮೇ, ಜೂನ್ ಮೊದಲ ವಾರಗಳಲ್ಲಿ ಉತ್ತರಕ್ಕೆ ಹೊರಟವರು ಸಾಲ ಮಾಡಿಯಾದರೂ ಥರ್ಡ್ ಎಸಿ ತಗೊಳ್ಳಿ ಅಂತ ನಾನು ಹೇಳುವುದಿಲ್ಲ. ಆದರೆ ಮಗು, ಬಸುರಿ ಹೆಂಗಸು, ಬಿಪಿ ಇರುವ ಹಿರಿಯರು ಜೊತೆಗಿದ್ದರೆ ಬೇರೆ ಯಾವುದಾದರೂ ಖರ್ಚು ಕಡಿಮೆ ಮಾಡಿ ಇದಕ್ಕೆ ಹಾಕಿ. ಇಲ್ಲಿ ಕೊಟ್ಟ ದುಡ್ಡು ಆರೋಗ್ಯಕ್ಕೆ ಕೊಟ್ಟ ದುಡ್ಡು.

ಅಕ್ಟೋಬರ್ ಕೊನೆ, ನವೆಂಬರ್, ಫೆಬ್ರವರಿ? ಸ್ಲೀಪರ್ ಚೆನ್ನಾಗಿರುತ್ತದೆ. ಕಿಟಕಿಯ ಗಾಜಿಲ್ಲದೆ ಊರು, ಹೊಲ, ನದಿ ನೋಡಿಕೊಂಡು ಹೋಗುವ ಸುಖ ಎಸಿ ಬೋಗಿಯಲ್ಲಿ ಇಲ್ಲ. ಎಸಿಯ ದಪ್ಪ ಗಾಜು ಹಳದಿಯಾಗಿರುತ್ತದೆ, ಕೆಲವು ಸಲ ಹೊರಗಿನ ಧೂಳೇ ಜಾಸ್ತಿ ಕಾಣುತ್ತದೆ. ಇಪ್ಪತ್ತು, ಇಪ್ಪತ್ತೈದು ವಯಸ್ಸಿನ ಸ್ನೇಹಿತರ ಗುಂಪು ಈ ತಿಂಗಳುಗಳಲ್ಲಿ ಹೋಗುವುದಾದರೆ ಥರ್ಡ್ ಎಸಿಗೆ ಏರುವ ಅಗತ್ಯವೇ ಇಲ್ಲ ಅನ್ನುತ್ತೇನೆ. ಉಳಿದ ದುಡ್ಡಿನಲ್ಲಿ ಊರು ಸುತ್ತಿ.

ಡಿಸೆಂಬರ್, ಜನವರಿ ಮಾತ್ರ ಬೇರೆ ಲೆಕ್ಕ. ಬೆಂಗಳೂರಿನ ಚಳಿ ನೋಡಿ ಹೊರಟರೆ ಎರಡನೇ ರಾತ್ರಿ ಭೋಪಾಲ್ ದಾಟಿದ ಮೇಲೆ ಗೊತ್ತಾಗುತ್ತದೆ. ಸ್ಲೀಪರ್ ಕಿಟಕಿಯ ಶಟರ್ ಎಷ್ಟೇ ಎಳೆದರೂ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಸ್ಲೀಪರ್‌ನಲ್ಲಿ ಹಾಸಿಗೆ, ಕಂಬಳಿ ಕೊಡುವುದಿಲ್ಲ. ನೀವೇ ದಪ್ಪ ರಗ್ಗು ಒಯ್ಯಬೇಕು. ಮೇಲಾಗಿ ಆಗ್ರಾ, ಮಥುರಾ ಕಡೆ ಮಂಜು ಕವಿದು ರೈಲು ಗಂಟೆಗಟ್ಟಲೆ ತಡವಾಗುವ ಕಾಲ ಅದು. ಬೆಳಗ್ಗೆ ಸೇರಬೇಕಾದವರು ಮಧ್ಯಾಹ್ನವೋ ಸಂಜೆಯೋ ಸೇರುತ್ತೀರಿ. ಆ ಹೆಚ್ಚಿನ ಗಂಟೆಗಳನ್ನೂ ಲೆಕ್ಕಕ್ಕೆ ತಗೊಳ್ಳಿ.

ಜನದ ಮಾತೂ ಇದೆ. ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿಯಲ್ಲಿ ಸ್ಲೀಪರ್‌ಗೆ 80 ಬರ್ತ್, ಥರ್ಡ್ ಎಸಿಗೆ 72, ಸೆಕೆಂಡ್ ಎಸಿಗೆ 52ರಿಂದ 54, ಫಸ್ಟ್ ಎಸಿಗೆ 24. ಟಾಯ್ಲೆಟ್ ಮಾತ್ರ ಸ್ಲೀಪರ್, ಥರ್ಡ್, ಸೆಕೆಂಡ್ ಮೂರರಲ್ಲೂ ನಾಲ್ಕೇ. ಅಂದರೆ ಸ್ಲೀಪರ್‌ನಲ್ಲಿ ಒಂದು ಟಾಯ್ಲೆಟ್‌ಗೆ 20 ಜನ, ಸೆಕೆಂಡ್ ಎಸಿಯಲ್ಲಿ 13. ಇದು ಕಾಗದದ ಲೆಕ್ಕ. ಹಬ್ಬದ ದಿನಗಳಲ್ಲಿ ಸ್ಲೀಪರ್ ಬೋಗಿಗೆ ರಿಸರ್ವೇಶನ್ ಇಲ್ಲದವರೂ ಹತ್ತುತ್ತಾರೆ. ಪಾಪ, ಅವರಿಗೂ ಊರು ಸೇರಬೇಕು. ಆದರೆ ಬೆಳಗ್ಗೆ ಆರಕ್ಕೆ ಹಲ್ಲುಜ್ಜಲು ಎದ್ದವರಿಗೆ ಬಾಗಿಲವರೆಗೆ ಹೋಗಲು ಜಾಗ ಇರುವುದಿಲ್ಲ. ಸಕ್ಕರೆ ಕಾಯಿಲೆಯವರು, ಪದೇ ಪದೇ ಎದ್ದು ಹೋಗಬೇಕಾದವರು ಇದೊಂದೇ ಕಾರಣಕ್ಕೆ ಥರ್ಡ್ ಎಸಿಗೆ ಏರಬಹುದು.

ಮಧ್ಯದಲ್ಲಿ ಥರ್ಡ್ ಎಸಿ ಎಕಾನಮಿ ಅಂತ ಒಂದಿದೆ. 2021ರಲ್ಲಿ ಬಂತು, ಬೋಗಿಯ ಹೆಸರು ಎಂ1, ಎಂ2 ಅಂತ ಶುರುವಾಗುತ್ತದೆ. ಥರ್ಡ್ ಎಸಿಗಿಂತ ದರ ಸ್ವಲ್ಪ ಕಡಿಮೆ, ಬರ್ತ್ ಸಂಖ್ಯೆ ಜಾಸ್ತಿ, ಹಾಗಾಗಿ ಕಾಲಿಡುವ ಜಾಗ ಸ್ವಲ್ಪ ಇಕ್ಕಟ್ಟು. ಆದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಲೈಟು, ಗಾಳಿಯ ಕಿಂಡಿ, ಚಾರ್ಜಿಂಗ್ ಜಾಗ ಇದೆ. ಹಾಸಿಗೆಯನ್ನೂ ಕೊಡುತ್ತಾರೆ. ಒಬ್ಬರೇ ಹೋಗುವವರಿಗೆ ಕಣ್ಣುಮುಚ್ಚಿ ಹೇಳುತ್ತೇನೆ, ತಗೊಳ್ಳಿ.

ಥರ್ಡ್ ಅಥವಾ ಸೆಕೆಂಡ್ ಎಸಿ: ಮಿಡ್ಲ್ ಬರ್ತ್‌ನ ಕಥೆ

ನನ್ನ ಪ್ರಕಾರ ನಿಜವಾದ ಪ್ರಶ್ನೆ ಇರುವುದು ಇಲ್ಲಿ. ಎರಡರಲ್ಲೂ ಅದೇ ತಂಪು, ಅದೇ ಎರಡು ಬೆಡ್‌ಶೀಟ್, ದಿಂಬು, ಕಂಬಳಿ. ರೈಲು ಮುಟ್ಟುವ ಹೊತ್ತೂ ಒಂದೇ. ಮತ್ತೆ ಸಾವಿರ ರೂಪಾಯಿ ಯಾಕೆ?

ಅಮ್ಮನನ್ನು ಮೊದಲ ಸಲ ಥರ್ಡ್ ಎಸಿಯಲ್ಲಿ ಕರೆದುಕೊಂಡು ಹೋದಾಗ ಉತ್ತರ ಸಿಕ್ಕಿತು. ಅಮ್ಮನಿಗೆ ಲೋಯರ್ ಬರ್ತ್ ಸಿಕ್ಕಿತ್ತು. ಅಷ್ಟಕ್ಕೇ ನಾವು ಖುಷಿಪಟ್ಟಿದ್ದೆವು. ರಾತ್ರಿ ಒಂಬತ್ತಕ್ಕೇ ಮಿಡ್ಲ್ ಬರ್ತ್‌ನವರಿಗೆ ನಿದ್ದೆ ಬಂತು. ಬೆನ್ನೊರಗುವ ಹಲಗೆಯನ್ನು ಮೇಲೆತ್ತಿ, ಎರಡೂ ಕಡೆ ಕೊಂಡಿ ಸಿಕ್ಕಿಸಿ, ಹತ್ತಿ ಮಲಗಿಬಿಟ್ಟರು. ಅಮ್ಮ ಇನ್ನೂ ಊಟ ಮಾಡಿರಲಿಲ್ಲ. ಮೇಲೆ ಹಲಗೆ ಬಂದ ಮೇಲೆ ಕೆಳಗೆ ನೆಟ್ಟಗೆ ಕೂರಲು ಆಗುವುದಿಲ್ಲ. ತಲೆ ತಾಗುತ್ತದೆ. ಅಮ್ಮ ಕತ್ತು ಬಗ್ಗಿಸಿ, ಬೆನ್ನು ಬಿಲ್ಲಿನ ಹಾಗೆ ಮಾಡಿ, ಚಪಾತಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡರು. ಒಂದು ಕೈಯಲ್ಲಿ ಡಬ್ಬಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ತಿನ್ನಬೇಕು, ರೈಲು ಅಲ್ಲಾಡಿದಾಗ ಹಿಡಿದುಕೊಳ್ಳಲು ಮೂರನೆಯ ಕೈ ಇಲ್ಲ. ಎರಡು ಚಪಾತಿ ತಿಂದು "ಸಾಕು ಕಣೋ, ಹಸಿವಿಲ್ಲ" ಅಂದರು. ಹಸಿವಿತ್ತು. ಕೂರಲು ಆಗುತ್ತಿರಲಿಲ್ಲ ಅಷ್ಟೇ. ಬೆಳಗ್ಗೆ ಐದಕ್ಕೆ ಎದ್ದು ಅಭ್ಯಾಸ ಅವರಿಗೆ. ಎದ್ದರೆ ಕೂರುವುದೆಲ್ಲಿ? ಮೇಲಿನವರು ಎಂಟರವರೆಗೆ ಏಳಲಿಲ್ಲ. ಮೂರು ಗಂಟೆ ಅಮ್ಮ ಒಂದೇ ಮಗ್ಗುಲಲ್ಲಿ ಮಲಗಿ ಕಿಟಕಿ ನೋಡುತ್ತಿದ್ದರು.

ನಿಯಮ ಇದೆ, ತಿಳಿದುಕೊಂಡಿರಿ. ಮಿಡ್ಲ್ ಬರ್ತ್ ಎತ್ತಿಡಲು ಅವಕಾಶ ಇರುವುದು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಾತ್ರ. ಅದರಾಚೆ ಇಳಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಕೇಳಿದರೆ ಮುಕ್ಕಾಲು ಜನ ಇಳಿಸುತ್ತಾರೆ. ಆದರೆ ಅಮ್ಮನಂಥವರು ಕೇಳುವುದಿಲ್ಲ ಅಲ್ವಾ? "ಪಾಪ, ಮಲಗಲಿ ಬಿಡು" ಅನ್ನುತ್ತಾರೆ. ಹೀಗೆ ಬಾಯಿಬಿಟ್ಟು ಕೇಳದ ಹಿರಿಯರು ಮನೆಯಲ್ಲಿದ್ದರೆ ಸೆಕೆಂಡ್ ಎಸಿಗೆ ಕೊಡುವ ಸಾವಿರ ರೂಪಾಯಿ ಒಂದು ಪೈಸೆಯೂ ದಂಡವಲ್ಲ. ಅಲ್ಲಿ ಮಿಡ್ಲ್ ಬರ್ತೇ ಇಲ್ಲ. ಯಾವ ಹೊತ್ತಿಗೆ ಬೇಕಾದರೂ ನೆಟ್ಟಗೆ ಕೂರಬಹುದು, ಕಾಲು ಮಡಚಿ ಚಕ್ಕಂಬಕ್ಕಲ ಹಾಕಿ ಊಟ ಮಾಡಬಹುದು, ಮತ್ತೆ ಮಲಗಬಹುದು. ಯಾರನ್ನೂ ಕೇಳಬೇಕಿಲ್ಲ.

ಇದರಿಂದಲೇ ಇನ್ನೊಂದು ಲೆಕ್ಕ ಹೊರಡುತ್ತದೆ. ಒಂದೇ ರಾತ್ರಿಯ ಪ್ರಯಾಣಕ್ಕೆ ಸೆಕೆಂಡ್ ಎಸಿ ಅಷ್ಟಾಗಿ ಬೇಕಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿಗೆ ರಾತ್ರಿ ರೈಲಿನಲ್ಲಿ ಹೋಗುತ್ತೀರಿ ಅಂದುಕೊಳ್ಳಿ. ಮನೆಯಲ್ಲೇ ಊಟ ಮುಗಿಸಿ ಹತ್ತುತ್ತೀರಿ, ಮಲಗುತ್ತೀರಿ, ಬೆಳಗ್ಗೆ ಇಳಿಯುತ್ತೀರಿ. ಹಗಲೇ ಇಲ್ಲದ ಪ್ರಯಾಣದಲ್ಲಿ ಹಗಲಿನ ಸೌಕರ್ಯಕ್ಕೆ ಯಾಕೆ ದುಡ್ಡು? ಅಲ್ಲಿ ಥರ್ಡ್ ಎಸಿ ಧಾರಾಳ ಸಾಕು. ಚಳಿಗಾಲವಾದರೆ ಒಂದು ರಗ್ಗಿನ ಜೊತೆ ಸ್ಲೀಪರೂ ಸಾಕು. ಅದೇ ದೆಹಲಿ, ವಾರಾಣಸಿ, ಹೌರಾ ಅಂದರೆ ಒಂದೋ ಎರಡೋ ಪೂರ್ತಿ ಹಗಲು ಸಿಗುತ್ತದೆ. ಅಲ್ಲಿ ಸೆಕೆಂಡ್ ಎಸಿಯ ಬೆಲೆ ಗೊತ್ತಾಗುತ್ತದೆ.

ಸೆಕೆಂಡ್ ಎಸಿಯಲ್ಲಿ ಪರದೆಯೂ ಇದೆ. ಎಳೆದುಕೊಂಡರೆ ನಿಮ್ಮ ಪಾಡಿಗೆ ನೀವು. ಥರ್ಡ್ ಎಸಿಯಲ್ಲೂ ಮೊದಲು ಇತ್ತು. 2013ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್‌ನ ಥರ್ಡ್ ಎಸಿ ಬೋಗಿಗೆ ಪುಟ್ಟಪರ್ತಿಯ ಹತ್ತಿರ ಬೆಂಕಿ ಬಿದ್ದು 26 ಜನ ತೀರಿಕೊಂಡರು. ಅದಾದ ಮೇಲೆ ಥರ್ಡ್ ಎಸಿಯ ಪರದೆಗಳನ್ನು ತೆಗೆಸಿದರು. ತೆಗೆಸಿದ್ದು ಸರಿಯೇ. ಆದರೆ ಎದೆಹಾಲು ಕುಡಿಯುವ ಮಗು ಇರುವ ತಾಯಂದಿರಿಗೆ ಪರದೆ ದೊಡ್ಡ ವಿಷಯ. ಅಂಥವರಿಗೂ ನಾನು ಸೆಕೆಂಡ್ ಎಸಿಯನ್ನೇ ಹೇಳುತ್ತೇನೆ.

ಕ್ಲಾಸಿಗಿಂತ ಬರ್ತ್ ದೊಡ್ಡದು

ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಮಂಡಿ ನೋವಿರುವ ಹಿರಿಯರಿಗೆ ಸೆಕೆಂಡ್ ಎಸಿಯ ಅಪ್ಪರ್‌ಗಿಂತ ಥರ್ಡ್ ಎಸಿಯ ಲೋಯರ್ ಎಷ್ಟೋ ವಾಸಿ. ಸೆಕೆಂಡ್ ಎಸಿ ಸಿಕ್ಕಿತು ಅಂತ ಹಿಗ್ಗಿ, ಅಪ್ಪನನ್ನು ಮೇಲೆ ಹತ್ತಿಸಲು ಪರದಾಡಿದವರನ್ನು ನೋಡಿದ್ದೇನೆ. ಏರಿದ್ದು ಕ್ಲಾಸು, ಜೊತೆಗೆ ಏಣಿ.

ಬರ್ತ್ ನಂಬರ್ ನೋಡಿಯೇ ಯಾವುದು ಅಂತ ಹೇಳಬಹುದು. ಸ್ಲೀಪರ್, ಥರ್ಡ್ ಎಸಿಯಲ್ಲಿ ಎಂಟೆಂಟರ ಗುಂಪು. 1 ಮತ್ತು 4 ಲೋಯರ್, 2 ಮತ್ತು 5 ಮಿಡ್ಲ್, 3 ಮತ್ತು 6 ಅಪ್ಪರ್, 7 ಸೈಡ್ ಲೋಯರ್, 8 ಸೈಡ್ ಅಪ್ಪರ್. ಒಂಬತ್ತರಿಂದ ಮತ್ತೆ ಇದೇ ಸಾಲು. ಸೆಕೆಂಡ್ ಎಸಿಯಲ್ಲಿ ಆರಾರರ ಗುಂಪು. 1 ಮತ್ತು 3 ಲೋಯರ್, 2 ಮತ್ತು 4 ಅಪ್ಪರ್, 5 ಸೈಡ್ ಲೋಯರ್, 6 ಸೈಡ್ ಅಪ್ಪರ್. ಮೊದಲ ಗುಂಪು, ಕೊನೆಯ ಗುಂಪು ಬಾಗಿಲು, ಟಾಯ್ಲೆಟ್ ಹತ್ತಿರ. ರಾತ್ರಿಯಿಡೀ ಬಾಗಿಲು ಧಡ್ ಧಡ್ ಅನ್ನುತ್ತದೆ. ಸೈಡ್ ಬರ್ತ್‌ಗಳು ಉದ್ದದಲ್ಲಿ ಚಿಕ್ಕವು, ಆರಡಿಯವರು ಕಾಲು ಮಡಚಿಯೇ ಮಲಗಬೇಕು.

ಲೋಯರ್ ಸಿಗಲು ಒಂದು ದಾರಿ ಇದೆ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಪ್ರತಿ ಬೋಗಿಯಲ್ಲೂ ಕೆಲವು ಲೋಯರ್ ಬರ್ತ್‌ಗಳನ್ನು ಕೋಟಾದಲ್ಲಿ ಇಟ್ಟಿರುತ್ತಾರೆ. ಆದರೆ ಆ ಟಿಕೆಟ್‌ನಲ್ಲಿ ಅಂಥವರು ಒಬ್ಬರೋ ಇಬ್ಬರೋ ಮಾತ್ರ ಇರಬೇಕು. ಅಮ್ಮ, ಹೆಂಡತಿ, ಮಕ್ಕಳು ಎಲ್ಲರನ್ನೂ ಒಂದೇ ಟಿಕೆಟ್‌ನಲ್ಲಿ ಸೇರಿಸಿದರೆ ಈ ಕೋಟಾ ಸಿಗುವುದಿಲ್ಲ. ತುಂಬಾ ಜನ ಎಡವುವುದು ಇಲ್ಲೇ. ಅಪ್ಪ ಅಮ್ಮನಿಗೆ ಬೇರೆ ಟಿಕೆಟ್, ಉಳಿದವರಿಗೆ ಬೇರೆ ಟಿಕೆಟ್ ಮಾಡಿ. ರೈಲ್ವೆಯ ಟಿಕೆಟ್ ವೆಬ್‌ಸೈಟ್ ಐಆರ್‌ಸಿಟಿಸಿಯಲ್ಲಿ ಬುಕ್ ಮಾಡುವಾಗ ಕನಿಷ್ಠ ಒಂದು ಲೋಯರ್ ಸಿಕ್ಕಿದರೆ ಮಾತ್ರ ಬುಕ್ ಮಾಡು ಅನ್ನುವ ಆಯ್ಕೆಯೂ ಇದೆ. ಅದನ್ನು ಒತ್ತಿ. ಸೆಕೆಂಡ್ ಎಸಿಯಲ್ಲಿ ಲೋಯರ್ ಸಿಗಲಿಲ್ಲವಾ, ಥರ್ಡ್ ಎಸಿಯಲ್ಲಿ ನೋಡಿ.

ಫಸ್ಟ್ ಎಸಿ

ಒಳಗೆ ಎರಡು ಬರ್ತ್‌ನ ಕೂಪೆ, ನಾಲ್ಕು ಬರ್ತ್‌ನ ಕ್ಯಾಬಿನ್. ಅಗಲ ಜಾಸ್ತಿ, ಜನ ಕಡಿಮೆ, ಬಾಗಿಲಿಗೆ ಚಿಲಕ. 70 ಕೆಜಿ ಲಗೇಜು ಒಯ್ಯಬಹುದು. ಸೆಕೆಂಡ್ ಎಸಿಯಲ್ಲಿ 50, ಥರ್ಡ್ ಎಸಿ ಮತ್ತು ಸ್ಲೀಪರ್‌ನಲ್ಲಿ 40.

ಯಾರಿಗೆ ಇದು ಬೇಕು? ಆಪರೇಷನ್ ಆಗಿ ವಾಪಸ್ ಬರುತ್ತಿರುವವರಿಗೆ. ನಾಲ್ಕು ಜನರ ಕುಟುಂಬ ಒಂದು ಪೂರ್ತಿ ಕ್ಯಾಬಿನ್ ತುಂಬಿಸುವುದಾದರೆ. ಸಾಕಿದ ನಾಯಿಯನ್ನು ಜೊತೆಯಲ್ಲೇ ಕರೆದೊಯ್ಯುವವರಿಗಂತೂ ಬೇರೆ ದಾರಿಯೇ ಇಲ್ಲ, ಪೂರ್ತಿ ಕೂಪೆ ಅಥವಾ ಕ್ಯಾಬಿನ್ ನಿಮ್ಮದೇ ಆಗಿರಬೇಕು.

ಕೂಪೆಯೇ ಬೇಕು ಅಂತ ಬುಕ್ ಮಾಡುವಾಗ ಆರಿಸಲು ಆಗುವುದಿಲ್ಲ. ಯಾರಿಗೆ ಯಾವುದು ಅಂತ ತೀರ್ಮಾನವಾಗುವುದು ರೈಲು ಹೊರಡುವ ಮುಂಚೆ ಬರ್ತ್‌ಗಳ ಕೊನೆಯ ಪಟ್ಟಿ, ಅಂದರೆ ಚಾರ್ಟ್, ಮಾಡುವಾಗ. ಇಬ್ಬರೇ ಹೋಗುವವರು ಇನ್ನಿಬ್ಬರು ಅಪರಿಚಿತರ ಜೊತೆ ಕ್ಯಾಬಿನ್‌ನಲ್ಲಿ ಇರಬೇಕಾಗಬಹುದು. ಅದಕ್ಕೇ ಒಬ್ಬಳೇ ಹೋಗುವ ಹೆಣ್ಣುಮಗಳಿಗೆ "ಫಸ್ಟ್ ಎಸಿ ತಗೋ, ಕ್ಷೇಮ" ಅಂತ ನಾನು ಹೇಳುವುದಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಮೂವರು ಅಪರಿಚಿತ ಗಂಡಸರು ಇದ್ದರೆ ನಿದ್ದೆ ಬರುತ್ತದಾ? ನನ್ನ ತಂಗಿ ಒಬ್ಬಳೇ ಹೋಗುವಾಗ ಸೆಕೆಂಡ್ ಎಸಿಯನ್ನೇ ಬುಕ್ ಮಾಡುತ್ತೇನೆ. ಬೋಗಿ ತೆರೆದಿರುತ್ತದೆ, ಸುತ್ತ ಸಂಸಾರಸ್ಥರು ಇರುತ್ತಾರೆ, ಬೇಕಾದಾಗ ಪರದೆ ಇದೆ.

ರಾಜಧಾನಿ ರೈಲಿನಲ್ಲಿ ಹೋಗುವವರು ಮಾತ್ರ ಫಸ್ಟ್ ಎಸಿಯ ದರವನ್ನು ಒಮ್ಮೆ ನೋಡಲೇಬೇಕು. 2016ರ ಸೆಪ್ಟೆಂಬರ್‌ನಿಂದ ಅಲ್ಲಿ ಸೆಕೆಂಡ್ ಮತ್ತು ಥರ್ಡ್ ಎಸಿಗೆ ಫ್ಲೆಕ್ಸಿ ದರ. ಬರ್ತ್ ಮಾರಾಟವಾದಷ್ಟೂ ದರ ಏರುತ್ತದೆ, ಮೂಲ ದರದ ಮೇಲೆ ಶೇ 40ರ ತನಕ. ಫಸ್ಟ್ ಎಸಿಗೆ ಈ ಫ್ಲೆಕ್ಸಿ ಇಲ್ಲ. ಹಾಗಾಗಿ ಕೊನೆಯ ದಿನಗಳಲ್ಲಿ ಸೆಕೆಂಡ್ ಎಸಿಗೂ ಫಸ್ಟ್ ಎಸಿಗೂ ಇರುವ ಅಂತರ ತುಂಬಾ ಕಡಿಮೆಯಾಗಿರುತ್ತದೆ. ಆಗ ಫಸ್ಟ್ ಎಸಿ ಖಾಲಿ ಇದ್ದರೆ ತಗೊಳ್ಳಿ, ಲಾಭವೇ.

ಬುಕ್ ಆದ ಮೇಲೆ ಏರುವ ದಾರಿಗಳು

ಬುಕ್ ಮಾಡುವಾಗ ಆಟೋ ಅಪ್‌ಗ್ರೇಡ್ ಅನ್ನುವ ಚೌಕ ಕಾಣುತ್ತದೆ. ಗುರುತು ಹಾಕಿದರೆ, ಮೇಲಿನ ಕ್ಲಾಸಿನಲ್ಲಿ ಬರ್ತ್ ಖಾಲಿ ಉಳಿದಿದ್ದರೆ ಚಾರ್ಟ್ ಹೊತ್ತಿಗೆ ನಿಮ್ಮನ್ನು ಅಲ್ಲಿಗೆ ಏರಿಸುತ್ತಾರೆ. ಹೆಚ್ಚಿನ ದುಡ್ಡು ಕೊಡಬೇಕಿಲ್ಲ, ಟಿಕೆಟ್‌ನ ಪಿಎನ್‌ಆರ್ ನಂಬರ್ ಅದೇ ಇರುತ್ತದೆ. ಒಬ್ಬರೇ ಹೋಗುವ ಗಟ್ಟಿಮುಟ್ಟಾದವರು ಯೋಚನೆ ಮಾಡದೆ ಗುರುತು ಹಾಕಿ. ನನಗೆ ಹೀಗೆ ಎರಡು ಸಲ ಸ್ಲೀಪರ್ ದುಡ್ಡಿಗೆ ಥರ್ಡ್ ಎಸಿ ಸಿಕ್ಕಿದೆ.

ಹಿರಿಯರು ಜೊತೆಗಿದ್ದರೆ ಹಾಕಬೇಡಿ. ಮೇಲಿನ ಕ್ಲಾಸಿನಲ್ಲಿ ಯಾವ ಬರ್ತ್ ಖಾಲಿ ಇದೆಯೋ ಅದನ್ನೇ ಕೊಡುತ್ತಾರೆ. ಕಷ್ಟಪಟ್ಟು ಪಡೆದ ಲೋಯರ್ ಹೋಗಿ ಅಪ್ಪರ್ ಬಂದರೆ ಆಗ ಏನೂ ಮಾಡಲು ಆಗುವುದಿಲ್ಲ.

ರೈಲು ಹತ್ತಿದ ಮೇಲೂ ಏರಬಹುದು. ಚಾರ್ಟ್ ಆದ ಮೇಲೆ ಯಾವ ಬೋಗಿಯಲ್ಲಿ ಯಾವ ಬರ್ತ್ ಖಾಲಿ ಇದೆ ಅಂತ ಐಆರ್‌ಸಿಟಿಸಿಯಲ್ಲೇ ನೋಡಬಹುದು. ನೋಡಿಕೊಂಡು ಆ ಬೋಗಿಯಲ್ಲಿ ಟಿಕೆಟ್ ನೋಡುವ ಟಿಟಿಇ ಅವರನ್ನು ಕೇಳಿ. ಖಾಲಿ ಇದ್ದರೆ ವ್ಯತ್ಯಾಸದ ದುಡ್ಡು ಕಟ್ಟಿಸಿಕೊಂಡು ಕೊಡುತ್ತಾರೆ. ರಸೀದಿ ಕೇಳಿ ಪಡೆಯಿರಿ. ಆದರೆ ಇದನ್ನು ನಂಬಿ ಹೊರಡಬೇಡಿ. ಆ ಕ್ಲಾಸಿನಲ್ಲೇ ಆರ್‌ಎಸಿ (ಕೂರಲು ಜಾಗ ಸಿಕ್ಕಿ, ಪೂರ್ತಿ ಬರ್ತ್‌ಗೆ ಕಾಯುವ ಟಿಕೆಟ್) ಇರುವವರಿಗೆ ಮೊದಲ ಹಕ್ಕು, ರಜೆಯ ದಿನಗಳಲ್ಲಿ ಅವರಿಗೇ ಸಾಲುವುದಿಲ್ಲ.

ತತ್ಕಾಲ್‌ನಲ್ಲಿ ಮಾಡುವವರಿಗೆ ಒಂದು ಸುಳಿವು. ಹೊರಡುವ ಹಿಂದಿನ ದಿನ ಎಸಿಗೆ ಬೆಳಗ್ಗೆ 10ಕ್ಕೆ ತೆರೆಯುತ್ತದೆ, ಸ್ಲೀಪರ್‌ಗೆ 11ಕ್ಕೆ. ಹಾಗಾಗಿ ಮೊದಲು ಥರ್ಡ್ ಎಸಿ ಪ್ರಯತ್ನಿಸಿ. ಸಿಗದಿದ್ದರೆ ಸ್ಲೀಪರ್‌ಗೆ ಇನ್ನೂ ಒಂದು ಗಂಟೆ ಕೈಯಲ್ಲಿರುತ್ತದೆ. ಫಸ್ಟ್ ಎಸಿಗೆ ತತ್ಕಾಲ್ ಇಲ್ಲ. ಕನ್‌ಫರ್ಮ್ ಆದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ದುಡ್ಡು ವಾಪಸ್ ಬರುವುದಿಲ್ಲ, ಅದೂ ನೆನಪಿರಲಿ.

ಮೊದಲೇ ಯೋಜನೆ ಇದ್ದರೆ ಇಷ್ಟೆಲ್ಲ ಒದ್ದಾಟ ಬೇಡ. 2024ರ ನವೆಂಬರ್ 1ರಿಂದ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ಮೊದಲಿನ ಹಾಗೆ 120 ದಿನ ಅಲ್ಲ. ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಂಡು ಅದೇ ದಿನ ಬೆಳಗ್ಗೆ ಕೂತುಬಿಡಿ. ಸೆಕೆಂಡ್ ಎಸಿಯಲ್ಲಿ ಇರುವುದೇ ಕೆಲವು ಲೋಯರ್, ಬೇಗ ಮುಗಿಯುತ್ತವೆ.

ಯಾವ ಎಸಿಯಲ್ಲಿ ಹೋದರೂ ಒಂದು ಸ್ವೆಟರ್ ಮತ್ತು ನಿಮ್ಮದೇ ತೆಳು ಹೊದಿಕೆ ಇರಲಿ. ಬೆಡ್‌ಶೀಟ್ ಪ್ರತಿ ಸಲ ಒಗೆದದ್ದು ಬರುತ್ತದೆ. ಕಂಬಳಿ ಹಾಗಲ್ಲ, ತಿಂಗಳಿಗೆ ಒಮ್ಮೆಯಾದರೂ ಒಗೆಯುತ್ತೇವೆ ಅಂತ ರೈಲ್ವೆಯೇ ಸಂಸತ್ತಿನಲ್ಲಿ ಹೇಳಿದೆ. ಹಾಗಾಗಿ ಒಂದು ಬೆಡ್‌ಶೀಟ್ ಕೆಳಗೆ ಹಾಸಿ, ಇನ್ನೊಂದನ್ನು ಮೈಗೂ ಕಂಬಳಿಗೂ ನಡುವೆ ಹೊದ್ದುಕೊಳ್ಳಿ.

ಬರುವ ಫೆಬ್ರವರಿಯಲ್ಲಿ ಅಮ್ಮ, ದೊಡ್ಡಮ್ಮ ಇಬ್ಬರನ್ನೂ ದೆಹಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅವರಿಬ್ಬರದೇ ಒಂದು ಟಿಕೆಟ್, ಸೆಕೆಂಡ್ ಎಸಿ, 19 ಮತ್ತು 21. ಎದುರುಬದುರು ಎರಡೂ ಲೋಯರ್, ಬೋಗಿಯ ನಡುವಿನ ಕಡೆ. ನನ್ನದು ಬೇರೆ ಟಿಕೆಟ್, ಅದೇ ಬೋಗಿಯಲ್ಲಿ 38, ಅಪ್ಪರ್. ಆಟೋ ಅಪ್‌ಗ್ರೇಡ್ ಗುರುತನ್ನು ಎರಡರಲ್ಲೂ ತೆಗೆದಿದ್ದೇನೆ. ಚಪಾತಿ, ಶೇಂಗಾ ಚಟ್ನಿಪುಡಿ ಎಷ್ಟು ಮಾಡಬೇಕು ಅಂತ ಇಬ್ಬರೂ ಈಗಲೇ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ.